ಕುಳಿತಲ್ಲೇ ಹನ್ನೊಂದು ಸಾವಿರ ಹೆಜ್ಜೆ

ಮಾಣಿ,
ಸೋಮವಾರ, 13 ಅಕ್ಟೋಬರ್ 2025

ಅಕ್ಷಿತಾಳ ಅಪ್ಪನಿಗೆ ಸರಸಳ ನಮಸ್ಕಾರ.

ಹೇಗಿದ್ದೀರಿ? ಬಿ.ಪಿ. ಹತೋಟಿಯಲ್ಲಿದೆಯೆಂದು ನಂಬಿದ್ದೇನೆ. ಶಾರ್ಜಾದಲ್ಲಿ ಸೆಕೆ ಸ್ವಲ್ಪ ಇಳಿದಿರಬೇಕು, ಇನ್ನು ಮಾಲ್‌ನ ಒಳಗೆ ಸುತ್ತು ಹಾಕುವುದನ್ನು ಬಿಟ್ಟು ಸಮುದ್ರದ ಬದಿಯಲ್ಲಿ ನಡೆಯಬಹುದು. ಕಳೆದ ವಾರ ಕಳುಹಿಸಿದ ಫೋಟೋದಲ್ಲಿ ನಿಮ್ಮ ಕೆನ್ನೆ ಒಳಗೆ ಹೋದಂತೆ ಕಂಡಿತು. ಹದಿನಾಲ್ಕು ಕಿಲೋ ಇಳಿಸಿದ್ದು ಸಾಕು. ಇನ್ನೂ ಇಳಿಸಿದರೆ ಮುಂದಿನ ಸಲ ವಿಮಾನ ನಿಲ್ದಾಣದಲ್ಲಿ ನನ್ನ ಗಂಡ ಯಾರು ಎಂದು ನಾನು ಪೊಲೀಸರನ್ನು ಕೇಳಬೇಕಾದೀತು. ಅಕ್ಷಿತಾ ಮೂಡುಬಿದಿರೆಯ ಹಾಸ್ಟೆಲ್ಲಿನಲ್ಲಿ ಚೆನ್ನಾಗಿದ್ದಾಳೆ, ಪರೀಕ್ಷೆ ನಡೆಯುತ್ತಿದೆ, ದೀಪಾವಳಿ ರಜೆಗೆ ಶನಿವಾರ ಬರುತ್ತಾಳೆ. ಬಾವಿಯ ಪಂಪು ರಿಪೇರಿಯಾಯಿತು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಕ್ರಮ, ಆದರೆ ಎಲ್ಲರಲ್ಲಿ ನಾನೂ ಸೇರಿದ್ದೇನೆ, ಆದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ಫೋನಿರುವಾಗ ಇದೆಂತಹ ಕಾಗದ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನೀವು ಮೊದಲೆಲ್ಲ ‘ವಣಸ್ ಆಂಡಾ’ ಎಂದು ಊಟದ ವಿಷಯ ಕೇಳುತ್ತಿದ್ದಿರಿ. ಈ ಫೆಬ್ರವರಿಯಿಂದ ‘ಇವತ್ತು ಎಷ್ಟಾಯ್ತು?’ ಎಂದು ಕೇಳುತ್ತೀರಿ. ಎಷ್ಟು ಎಂದು ಹೇಳಿದ ಮೇಲೆ ನಮ್ಮ ಮಾತು ಮುಗಿಯುತ್ತದೆ. ಹಾಗಾಗಿ ಆಚೆಮನೆಯ ಜಿತೇಶನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಅವನು ರಜೆ ಮುಗಿಸಿ ಗುರುವಾರ ಹೊರಡುತ್ತಾನೆ, ಶುಕ್ರವಾರ ನಿಮ್ಮ ರೂಮಿಗೆ ಬಂದು ತಲುಪಿಸುತ್ತಾನಂತೆ. ಜೊತೆಗಿರುವ ಮಿಡಿ ಉಪ್ಪಿನಕಾಯಿ ರೂಮಿನವರಿಗೆ, ನಿಮಗಲ್ಲ. ಹಲಸಿನ ಹಪ್ಪಳ ಬೇಕಾದರೆ ಎರಡು ತಿನ್ನಿ. ಇನ್ನೊಂದು ಮಾತು. ನಾವು ಮಾತಾಡುವುದು ತುಳುವಿನಲ್ಲಿ, ನನಗೆ ಬರೆಯಲು ಬರುವುದು ಎಂಟನೆಯ ಕ್ಲಾಸಿನವರೆಗೆ ಕಲಿತ ಕನ್ನಡ. ಕನ್ನಡದಲ್ಲಿ ಜಗಳ ಮಾಡಿ ನನಗೆ ಅಭ್ಯಾಸವಿಲ್ಲ. ಎಲ್ಲಿಯಾದರೂ ಶಾಲೆಯ ಟೀಚರ್ ಬೈದ ಹಾಗೆ ಕೇಳಿದರೆ ಅದು ಭಾಷೆಯ ಗುಣ, ಸಿಟ್ಟು ಮಾತ್ರ ನನ್ನದೇ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಬೀಡಿ ಕಟ್ಟುವುದನ್ನು ಬಿಟ್ಟಿಲ್ಲ. ಹೊಸ ಮನೆ ಕಟ್ಟಿಸಿದ ವರ್ಷ ನೀವು, ‘ಗಲ್ಫಿನವನ ಹೆಂಡತಿ ಚಾವಡಿಯಲ್ಲಿ ಮೊರ ಹಿಡ್ಕೊಂಡು ಕೂತ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು?’ ಎಂದಿರಿ. ನಾನು ಆಯಿತು ಎಂದೆ. ಚಾವಡಿಯಲ್ಲಿ ಕೂರುವುದನ್ನು ಬಿಟ್ಟೆ. ಅಂದಿನಿಂದ ಬೇಲಿಯಾಚೆಯ ಸೈನಬಳ ಮನೆಯ ಹಿಂದಿನ ಜಗಲಿಯಲ್ಲಿ ಕೂರುತ್ತೇನೆ. ಕಟ್ಟಿದ್ದನ್ನು ಅವಳ ಮಗಳು ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ಯುತ್ತಾಳೆ. ಹನ್ನೆರಡನೆಯ ವಯಸ್ಸಿನಿಂದ ಈ ಕೈಗೆ ಗೊತ್ತಿರುವ ಕೆಲಸ ಅದೊಂದೇ. ನೀವು ಹೋಗಿ ಇಪ್ಪತ್ತಮೂರು ವರ್ಷವಾಯಿತು. ವರ್ಷಕ್ಕೆ ಒಂದು ತಿಂಗಳು ಬಿಟ್ಟರೆ ಉಳಿದ ಮಧ್ಯಾಹ್ನಗಳನ್ನೆಲ್ಲ ನಾನು ಏನು ಮಾಡುತ್ತೇನೆಂದು ನೀವು ತಿಳಿದುಕೊಂಡಿದ್ದಿರೋ ನನಗೆ ಗೊತ್ತಿಲ್ಲ. ಗೋಡೆ ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಸೈನಬ ಒಂದು ಮಾತು ಹೇಳುತ್ತಾಳೆ, ನಾನು ಎರಡು ಹೇಳುತ್ತೇನೆ, ಎಲೆ ಕತ್ತರಿಸುತ್ತಾ ಹೊತ್ತು ಹೋಗುತ್ತದೆ. ಇದಕ್ಕೆ ನೀವು ಬೈಯುವುದಾದರೆ ಬೈಯಿರಿ, ಈ ಕಾಗದದಲ್ಲಿ ಅದು ಎಲ್ಲಕ್ಕಿಂತ ಸಣ್ಣ ವಿಷಯ.

ಕಳೆದ ಡಿಸೆಂಬರಿನಲ್ಲಿ ನೀವು ಬಂದದ್ದು ಬೇರೆಯೇ ಮನುಷ್ಯನಾಗಿ. ನಿಮ್ಮ ರೂಮಿನ ಸುಬ್ಬಯ್ಯ ಬಚ್ಚಲಿನಲ್ಲಿ ಬಿದ್ದವರು ಏಳಲೇ ಇಲ್ಲ ಎಂಬುದನ್ನು ನೀವು ನನಗೆ ಮೂರು ಸಲ ಹೇಳಿದಿರಿ. ನಿಮ್ಮ ಹೆದರಿಕೆ ಸುಳ್ಳೆಂದು ನಾನು ಯಾವತ್ತೂ ಹೇಳುವುದಿಲ್ಲ. ಬಿ.ಸಿ. ರೋಡಿನಲ್ಲಿ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿದಿರಿ. ನಿಮ್ಮ ಶುಗರ್ ಸರಿಯಿತ್ತು, ನನ್ನದು ಬರಿಹೊಟ್ಟೆಯಲ್ಲೇ ಇನ್ನೂರ ಅರುವತ್ತು. ಅಂದೇ ಫ್ರಿಜ್ಜಿನ ಬಾಗಿಲಿಗೆ ಚಾರ್ಟ್ ಬಂತು, ಸಕ್ಕರೆಯ ಡಬ್ಬಿ ಅಟ್ಟಕ್ಕೆ ಹೋಯಿತು, ಕುಚ್ಚಲಕ್ಕಿ ಅನ್ನಕ್ಕೆ ಅಳತೆಯ ಸೌಟು ಬಂತು. ಫೆಬ್ರವರಿಯಲ್ಲಿ ಯಾರದ್ದೋ ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರವನ್ನೂ ನೀಲಿ ಬಣ್ಣದ ಶೂಗಳನ್ನೂ ಕಳುಹಿಸಿದಿರಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದಿರಿ. ಇಲ್ಲಿ ನಾನು ನಡೆದದ್ದು ಅಲ್ಲಿ ನಿಮ್ಮ ಫೋನಿನಲ್ಲಿ ಕಾಣುವ ಹಾಗೆ ಅಕ್ಷಿತಾ ವ್ಯವಸ್ಥೆ ಮಾಡಿಕೊಟ್ಟಳು. ಶೂ ಬಿಗಿಯಾಗುತ್ತಿತ್ತು. ನನ್ನ ಕಾಲಿನ ಅಳತೆಯನ್ನು ನೀವು ಕೇಳಿರಲಿಲ್ಲ, ಮದುವೆಯ ವರ್ಷದ ಅಳತೆಯನ್ನು ನೆನಪಿಟ್ಟಿದ್ದಿರಿ. ಅದಕ್ಕೆ ಖುಷಿಪಡಬೇಕೋ ಅಳಬೇಕೋ ತಿಳಿಯದೆ ಅದನ್ನೇ ಹಾಕಿಕೊಂಡು ಫೋಟೋ ಕಳುಹಿಸಿದೆ. ‘ಸರಿ ಆಗ್ತದಾ?’ ಎಂದಿರಿ. ‘ಆಗ್ತದೆ’ ಎಂದೆ.

ನಾನು ನಡೆದೆ. ಇದನ್ನು ನೀವು ನಂಬಬೇಕು. ಸೈನಬಳಿಗೂ ಶುಗರ್ ಇದೆಯಲ್ಲ, ಅವಳೂ ಜೊತೆಗೆ ಬಂದಳು. ಬೆಳಿಗ್ಗೆ ಆರು ಗಂಟೆಗೆ ಹೊರಟು, ಹೈವೇಯ ಧೂಳಿನ ಕಡೆ ಹೋಗದೆ, ಶಾಲೆಯ ಗೇಟಿನಿಂದ ಹಳೆಯ ಕಲ್ಲಿನ ಕೋರೆಯವರೆಗೆ ಹೋಗಿ ಬರುತ್ತಿದ್ದೆವು. ನಮ್ಮ ಊರಿನಲ್ಲಿ ಎಲ್ಲಿಗೂ ಹೋಗುವ ಕೆಲಸವಿಲ್ಲದೆ ಇಬ್ಬರು ಹೆಂಗಸರು ರಸ್ತೆಯಲ್ಲಿ ನಡೆಯುವುದೆಂದರೆ ಏನೆಂದು ನಿಮಗೆ ಗೊತ್ತು. ಮೊದಲ ವಾರ ಮೊಯ್ದೀನನ ರಿಕ್ಷಾ ದಿನಾ ನಿಲ್ಲುತ್ತಿತ್ತು. ‘ಬಸ್ಸು ತಪ್ಪಿತಾ ಸರಸಕ್ಕ? ಕೂತ್ಕೊಳ್ಳಿ.’ ‘ಇಲ್ಲ ಮಾರಾಯ, ಸುಮ್ಮನೆ ನಡೆಯುವುದು’ ಎಂದರೆ, ನಮ್ಮ ಮನೆಗಳಲ್ಲಿ ಏನೋ ಜಗಳವಾಗಿದೆ ಎಂಬಂತೆ ನೋಡಿ, ತಲೆಯಾಡಿಸಿ ಹೋಗುತ್ತಿದ್ದ. ನನಗೆ ಆ ನಡಿಗೆ ಇಷ್ಟವಾಗಿತ್ತು. ಐವತ್ತೊಂದು ವರ್ಷಗಳಲ್ಲಿ ಕೊಡವನ್ನೋ ಚೀಲವನ್ನೋ ಹೊರದೆ, ಯಾರದ್ದೋ ಮನೆಯ ಕಾರ್ಯಕ್ಕೆಂದು ಓಡದೆ, ಎರಡೂ ಕೈ ಬೀಸಿಕೊಂಡು ನಾನು ನಡೆದದ್ದು ಆ ಹತ್ತೊಂಬತ್ತು ದಿನ ಮಾತ್ರ.

ಹತ್ತೊಂಬತ್ತೇ ದಿನ, ಏಕೆಂದರೆ ನಿಮ್ಮ ಫೋನಿನಲ್ಲಿ ಅದು ಐದು ಸಾವಿರವನ್ನು ದಾಟಲಿಲ್ಲ. ಮಧ್ಯಾಹ್ನ ಬೀಡಿಗೆ ಕೂರುವಾಗ ಹೊಗೆಸೊಪ್ಪಿನ ಹುಡಿ ತಾಗಬಾರದೆಂದು ನಾನು ಗಡಿಯಾರವನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದೆ. ನೀವು ಕೊಟ್ಟ ವಸ್ತು ಎಂದು ಅಷ್ಟು ಜಾಗ್ರತೆ. ನೀವೋ ಪ್ರತಿ ಸಂಜೆ ಮನೆಯವರ ಗ್ರೂಪಿನಲ್ಲಿ ನಿಮ್ಮ ಹದಿನಾಲ್ಕು ಸಾವಿರದ ಚಿತ್ರ ಹಾಕಿ, ನನಗೆ ಫೋನ್ ಮಾಡಿ, ‘ಐದು ಸಾವಿರ ಅಂದ್ರೆ ಎಂತದು? ಹಾಸಿಗೆಯಿಂದ ಬಚ್ಚಲಿಗೆ ಹೋದ್ರೂ ಅಷ್ಟಾಗ್ತದೆ. ನಿನಗೆ ಮನಸ್ಸಿಲ್ಲ, ಅಷ್ಟೇ’ ಎಂದಿರಿ. ಮನಸ್ಸಿಲ್ಲ ಎಂದ ಮಾತು ನನಗೆ ಎಷ್ಟು ನೋವು ಕೊಟ್ಟಿತೆಂದರೆ ಮಾರನೆಯ ದಿನ ಸೈನಬ ಬೇಡವೆಂದರೂ ಕೇಳದೆ ಕೋರೆಯವರೆಗೆ ಎರಡು ಸಲ ಹೋಗಿ ಬಂದೆ. ಅಂದು ಶೂ ಬಿಚ್ಚುವಾಗ ಬಲಗಾಲಿನ ಕಿರುಬೆರಳಿನ ಬದಿಯಲ್ಲಿ ಗುಳ್ಳೆಯೆದ್ದು ಒಡೆದಿತ್ತು. ನೋವೇ ಇರಲಿಲ್ಲ. ನೋವು ಗೊತ್ತಾಗದಿರುವುದೇ ಈ ಕಾಯಿಲೆಯ ಕೆಟ್ಟ ಗುಣವೆಂದು ಆಮೇಲೆ ಡಾಕ್ಟರು ಹೇಳಿದರು. ನಾನು ಅರಸಿನ ಹಚ್ಚಿ ಬಟ್ಟೆ ಸುತ್ತಿ, ವಾಸಿಯಾಗುವವರೆಗೆ ನಡೆಯುವುದು ಬೇಡ ಎಂದುಕೊಂಡೆ.

ಆ ವಾರ ಒಂದು ಮಧ್ಯಾಹ್ನ ಗಡಿಯಾರ ಬಿಚ್ಚಲು ಮರೆತು ಬೀಡಿಗೆ ಕುಳಿತೆ. ಸಂಜೆ ನಿಮ್ಮ ಫೋನ್ ಬಂತು. ನಾನು ಬೈಗುಳಕ್ಕೆ ತಯಾರಾಗಿ ಎತ್ತಿದರೆ ನೀವು, ‘ಭೇಷ್ ಸರಸ! ಹತ್ತು ಸಾವಿರದ ಮುನ್ನೂರು!’ ಎಂದಿರಿ. ನನಗೆ ತಲೆಬುಡ ಅರ್ಥವಾಗಲಿಲ್ಲ. ಬೆಳಿಗ್ಗೆಯಿಂದ ನಾನು ಮನೆಯಿಂದ ಬೇಲಿಯವರೆಗೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮರುದಿನ ನಾನೂ ಸೈನಬಳೂ ಗಡಿಯಾರವನ್ನು ನೋಡುತ್ತಾ ಕುಳಿತಾಗ ಗುಟ್ಟು ತಿಳಿಯಿತು. ಎಲೆ ಕತ್ತರಿಸಿ, ಹುಡಿ ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟುವಾಗ ಕೈ ಆಡುತ್ತದಲ್ಲ, ಆ ಆಟವನ್ನೆಲ್ಲ ಅದು ನಡಿಗೆಯೆಂದು ಎಣಿಸುತ್ತಿತ್ತು. ಒಂದು ಬೀಡಿಗೆ ಹನ್ನೆರಡು ಹೆಜ್ಜೆಯೋ ಹದಿಮೂರೋ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ‘ಹಾಗಾದ್ರೆ ನಾವು ಇಷ್ಟು ವರ್ಷದಲ್ಲಿ ಹಜ್ಜಿಗೂ ಕಾಶಿಗೂ ನಡೆದು ಹೋಗಿ ಬಂದೆವು ಸರಸಕ್ಕ’ ಎಂದಳು ಸೈನಬ.

ಅಂದೇ ನಿಮಗೆ ನಿಜ ಹೇಳಬಹುದಿತ್ತು. ಹೇಳಿದರೆ ಬೀಡಿಯ ವಿಷಯವನ್ನೂ ಹೇಳಬೇಕಿತ್ತು, ಅದೊಂದು ಕಾರಣ. ಇನ್ನೊಂದು ಕಾರಣವನ್ನು ಬರೆಯಲು ನಾಚಿಕೆಯಾಗುತ್ತದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನೀವು ನನಗೆ ಭೇಷ್ ಎಂದದ್ದು ಅದೇ ಮೊದಲು. ಅಕ್ಷಿತಾ ಹುಟ್ಟಿದಾಗ ಹೇಳಲಿಲ್ಲ, ನಿಮ್ಮ ಅಮ್ಮನನ್ನು ಎರಡು ವರ್ಷ ಹಾಸಿಗೆಯಲ್ಲಿ ನೋಡಿಕೊಂಡಾಗ ಹೇಳಲಿಲ್ಲ, ಒಬ್ಬಳೇ ನಿಂತು ಮನೆ ಕಟ್ಟಿಸಿದಾಗ ಕಿಟಕಿ ಸಣ್ಣದಾಯಿತು ಎಂದಿರಿ. ನಡೆಯದ ಹೆಜ್ಜೆಗೆ ಸಿಕ್ಕಿದ ಭೇಷ್ ನನಗೆ ಮರುದಿನವೂ ಬೇಕಾಯಿತು. ಅದರ ಮರುದಿನವೂ ಬೇಕಾಯಿತು. ಹನ್ನೊಂದು ಸಾವಿರ ದಾಟಿದ ದಿನ ನೀವು ಗ್ರೂಪಿನಲ್ಲಿ, ‘ಎಲ್ಲರೂ ಸರಸಳನ್ನು ನೋಡಿ ಕಲಿಯಿರಿ’ ಎಂದು ಹಾಕಿದಿರಿ. ಅದನ್ನು ನಾನು ಎಷ್ಟು ಸಲ ತೆಗೆದು ಓದಿದ್ದೇನೆಂದು ಹೇಳುವುದಿಲ್ಲ.

ಹುಣ್ಣು ಮಾತ್ರ ವಾಸಿಯಾಗಲಿಲ್ಲ. ಮುಚ್ಚಿದಂತೆ ಕಾಣುವುದು, ಮತ್ತೆ ಬಾಯಿ ಬಿಡುವುದು. ಯಾರಿಗೂ ತೋರಿಸುವಂತಿರಲಿಲ್ಲ. ದಿನಾ ಹನ್ನೊಂದು ಸಾವಿರ ಹೆಜ್ಜೆ ನಡೆಯುವವಳ ಕಾಲಿನಲ್ಲಿ ಹುಣ್ಣು ಹೇಗೆ ಇರುತ್ತದೆ? ಹುಣ್ಣು ತೋರಿಸಿದರೆ ಹೆಜ್ಜೆ ಸುಳ್ಳಾಗುತ್ತಿತ್ತು. ಸೈನಬ ಕೇಳಿದರೆ ಒಣಗುತ್ತಿದೆ ಎನ್ನುತ್ತಿದ್ದೆ. ಜುಲೈಯಲ್ಲಿ ಅಕ್ಷಿತಾ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ನೀವು ವಿಡಿಯೋದಲ್ಲಿ ಇದ್ದಿರಿ, ನೆನಪಿದೆಯೇ? ಶುಗರ್ ಇಳಿದಿರಲಿಲ್ಲ. ಡಾಕ್ಟರು ಇನ್ನೊಂದು ಮಾತ್ರೆ ಬರೆಯುತ್ತಾ, ‘ಕಾಲಲ್ಲಿ ಗಾಯ ಏನಾದ್ರೂ ಉಂಟಾ ಅಮ್ಮ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀವು ಶಾರ್ಜಾದಿಂದ, ‘ಎಂತದೂ ಇಲ್ಲ ಡಾಕ್ಟ್ರೆ, ದಿನಾ ಹನ್ನೊಂದು ಸಾವಿರ ನಡೀತಾಳೆ, ನನ್ನ ಹತ್ರ ರೆಕಾರ್ಡ್ ಉಂಟು’ ಎಂದಿರಿ. ಡಾಕ್ಟರು ತಲೆಯಾಡಿಸಿದರು. ನಾನು ಬಲಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಸೆರಗು ಸರಿಮಾಡಿಕೊಂಡೆ. ನೀವು ಹೇಳಿದ್ದಕ್ಕೆ ನಾನು ಅಲ್ಲ ಎನ್ನಲಿಲ್ಲ, ಆ ಪಾಲು ನನ್ನದೇ. ಆದರೆ ಪ್ರಶ್ನೆಯನ್ನು ಕೇಳಿದ್ದು ನನ್ನನ್ನು.

ಆಗಸ್ಟಿನಲ್ಲಿ ಬೆಳ್ತಂಗಡಿಯಲ್ಲಿ ನಿಮ್ಮ ಅಣ್ಣ ಭೋಜ ಭಾವನ ಹೊಸ ಮನೆಯ ಒಕ್ಕಲು. ಅವರು ಎಲ್ಲರ ಎದುರು, ‘ಇವಳು ನಮ್ಮ ಸುಧಾಕರನ ಹೆಂಡತಿ, ದಿನಕ್ಕೆ ಎಂಟು ಕಿಲೋಮೀಟರ್ ನಡೆಯುವ ಜನ, ಇವತ್ತು ಬಡಿಸುವ ಕೆಲಸ ಇವಳಿಗೇ ಇರಲಿ’ ಎಂದು ನಗಾಡಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಾಲ್ಕು ಪಂಕ್ತಿಗೆ ಬರಿಗಾಲಿನಲ್ಲಿ ಬಡಿಸಿದೆ. ಮೂರನೆಯ ಪಂಕ್ತಿಯಲ್ಲಿ ಹೊಸ ಟೈಲ್ಸಿನ ಮೇಲೆ ನನ್ನ ಹಿಂದೆ ಕೆಂಪು ಗುರುತುಗಳು ಕಂಡವು. ಬೀಟ್‌ರೂಟ್ ಪಲ್ಯ ಚೆಲ್ಲಿತು ಎಂದು ಹೇಳಿ ನಾನೇ ಬಟ್ಟೆ ತಂದು ಒರೆಸಿದೆ. ಅಂದು ಸಂಜೆ ನೀವು ಫೋನ್ ಮಾಡಿ, ‘ಕಾರ್ಯಕ್ರಮ ಅಂತ ರಜೆ ಮಾಡ್ಬಾರ್ದು, ಇವತ್ತು ಬರೀ ನಾಲ್ಕು ಸಾವಿರ’ ಎಂದಿರಿ. ಸಾರಿನ ಬಾಲ್ದಿ ಹಿಡಿದ ಕೈ ಆಡುವುದಿಲ್ಲ. ಆ ಗಡಿಯಾರಕ್ಕೆ ಕೈ ಮಾತ್ರ ಗೊತ್ತು, ಕಾಲು ಗೊತ್ತಿಲ್ಲ. ನಿಮಗೂ ಗೊತ್ತಿರಲಿಲ್ಲ. ಆ ಸಂಜೆ ಮೊದಲ ಸಲ ನನಗೆ ನಿಮ್ಮ ಮೇಲೆ ಅಸಹ್ಯವಾಯಿತು. ಬರೆಯಬಾರದ ಮಾತು, ಆದರೂ ಬರೆದಿದ್ದೇನೆ, ಹೊಡೆದು ಹಾಕುವುದಿಲ್ಲ.

ಹೋದ ವಾರ ಜ್ವರ ಬಂತು. ಬೀಡಿಗೆ ಹೋಗದ ಎರಡನೆಯ ದಿನ ಸೈನಬ ಗಂಜಿ ಹಿಡಿದುಕೊಂಡು ಬಂದಳು. ಕೋಣೆಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡು, ‘ಸರಸಕ್ಕ, ಕಾಲು ಈಚೆ ಕೊಡಿ’ ಎಂದಳು. ನಾನು ಕೊಡಲಿಲ್ಲ. ಅವಳೇ ಹಾಸಿಗೆಯಲ್ಲಿ ಕುಳಿತು, ನನ್ನ ಕಾಲನ್ನು ಮಡಿಲಿಗೆ ಎಳೆದುಕೊಂಡು, ಬಟ್ಟೆ ಬಿಚ್ಚಿದಳು. ನಂತರ ಅವಳು ಬೈದ ಬೈಗುಳವನ್ನು ನಾನು ಬರೆಯಲಾರೆ, ಅಳುತ್ತಾ ಬೈದಳು. ಅವಳು ಈ ಎಂಟು ತಿಂಗಳು ಗಡಿಯಾರವಿಲ್ಲದೆ, ಚಾರ್ಟ್ ಇಲ್ಲದೆ, ಹರಿದ ಹವಾಯಿ ಚಪ್ಪಲಿಯಲ್ಲಿ, ನಾನು ಬಿಟ್ಟ ಮೇಲೂ ಒಬ್ಬಳೇ, ಕೋರೆಯವರೆಗೆ ನಡೆದಿದ್ದಾಳೆ. ಅವಳ ಶುಗರ್ ಈಗ ನೂರ ಮೂವತ್ತು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಬಂದದ್ದು ನಿಜ. ಮೊಯ್ದೀನನ ರಿಕ್ಷಾದಲ್ಲಿ ಮಂಗಳೂರಿಗೆ ಹೋದೆವು. ಅಲ್ಲಿಯ ಡಾಕ್ಟರಿಗೆ ನಾನು ಬೀಡಿ, ಶೂ, ಗಡಿಯಾರ, ನಿಮ್ಮ ರೆಕಾರ್ಡ್ ಎಲ್ಲವನ್ನೂ ಹೇಳಿದೆ. ಹುಡುಗ ಪ್ರಾಯದವರು, ಬೈಯಲಿಲ್ಲ. ‘ಯಾರಿಗೆ ತೋರಿಸ್ಲಿಕ್ಕೆ ಅಮ್ಮ ಇದೆಲ್ಲ?’ ಎಂದು ಕೇಳಿ ಕಾಲಿನ ಕಡೆ ಬಗ್ಗಿದರು.

ನಿಮಗೆ ನನ್ನ ಆರೋಗ್ಯ ಬೇಡವಿತ್ತೆಂದು ನಾನು ಹೇಳುತ್ತಿಲ್ಲ. ಬೇಕಿತ್ತು, ಅದು ನನಗೆ ಗೊತ್ತು. ಆದರೆ ಎಂಟು ತಿಂಗಳಲ್ಲಿ ದಿನಕ್ಕೊಂದರಂತೆ ಫೋನ್ ಮಾಡಿದಿರಿ, ಗಡಿಯಾರ ಚಾರ್ಜ್ ಆಗಿದೆಯೇ ಎಂದು ಕೇಳಿದಿರಿ, ಬೆಲ್ಟು ಸಡಿಲವಾಗಿದೆಯೇ ಎಂದು ಕೇಳಿದಿರಿ. ನಡೆದು ನಡೆದು ಕಾಲು ನೋಯುತ್ತದಾ ಎಂದು ಒಂದೇ ಒಂದು ದಿನ ಕೇಳಿದ್ದರೆ ನಾನು ಅಂದೇ ಅತ್ತು ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಹೇಳದ್ದು ನನ್ನ ತಪ್ಪು. ಕೇಳದ್ದು ಯಾರ ತಪ್ಪೆಂದು ನೀವು ನಡೆಯುವಾಗ ಯೋಚಿಸಿ, ನಿಮಗೆ ಹದಿನಾಲ್ಕು ಸಾವಿರ ಹೆಜ್ಜೆಯ ಸಮಯವಿದೆ.

ನಿಮ್ಮ ನಡಿಗೆಯನ್ನು ಬಿಡಬೇಡಿ. ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆಯೇ ತೆಗೆದುಕೊಳ್ಳಿ, ಡ್ಯೂಟಿಗೆ ಹೋಗುವ ಗಡಿಬಿಡಿಯಲ್ಲಿ ಮರೆಯುತ್ತೀರಿ. ರೂಮಿನವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಅಕ್ಷಿತಾಳಿಗೆ ಪರೀಕ್ಷೆ ಮುಗಿಯುವವರೆಗೆ ಫೋನಿನಲ್ಲಿ ಏನನ್ನೂ ಹೇಳಬೇಡಿ, ಶನಿವಾರ ಬಂದಾಗ ನಾನೇ ಹೇಳುತ್ತೇನೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ,
ಸರಸ

ತಾ.ಕ.: ಜಿತೇಶ ಅಂಗಳದಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಾಳೆ ಮಂಗಳೂರಿನಲ್ಲಿ ಅಡ್ಮಿಟ್ ಆಗುತ್ತೇನೆ. ಬುಧವಾರ ಬಲಗಾಲಿನ ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆಯುತ್ತಾರೆ. ಅಷ್ಟಕ್ಕೇ ನಿಂತರೆ ಪುಣ್ಯ ಎಂದಿದ್ದಾರೆ. ನೀವು ಇದನ್ನು ಓದುವಾಗ ಆಗಿ ಎರಡು ದಿನವಾಗಿರುತ್ತದೆ. ಮೊದಲೇ ತಿಳಿಸಿದರೆ ಈ ಡಾಕ್ಟರ ಹತ್ತಿರವೂ ನನ್ನ ಬದಲು ನೀವೇ ಮಾತಾಡುತ್ತಿದ್ದಿರಿ. ಈ ಸಲ ನಾನೇ ಮಾತಾಡಿದ್ದೇನೆ. ಸಹಿ ಹಾಕಲು ಗಂಡ ಬರುತ್ತಾರಾ ಎಂದು ಕೇಳಿದರು, ಸೈನಬ ಹಾಕುತ್ತಾಳೆ ಎಂದೆ. ಫೋನನ್ನೂ ಗಡಿಯಾರವನ್ನೂ ನಾಳೆಯೇ ಅವಳಿಗೆ ಕೊಡುತ್ತೇನೆ, ಗಡಿಯಾರವನ್ನು ಕೈಗೆ ಕಟ್ಟಿಕೊಳ್ಳಲೂ, ನಿಮ್ಮ ಫೋನ್ ಬಂದರೆ ನಾನು ಸ್ನಾನಕ್ಕೆ ಹೋಗಿದ್ದೇನೆ ಎನ್ನಲೂ ಹೇಳಿದ್ದೇನೆ. ಆದ್ದರಿಂದ ಬುಧವಾರ ನಿಮಗೆ ಯಾವ ಕೊರತೆಯೂ ಕಂಡಿರಲಿಕ್ಕಿಲ್ಲ. ಆ ದಿನದ ಲೆಕ್ಕವನ್ನು ಈಗ ತೆಗೆದು ನೋಡಿ. ನಾನು ಒಳಗೆ ಮೇಜಿನ ಮೇಲೆ ಮಲಗಿದ್ದಾಗ ಸೈನಬ ಬಾಗಿಲ ಹೊರಗೆ ಅಷ್ಟು ನಡೆದಿರುತ್ತಾಳೆ.